ಕ್ಯಾವಿಟಿಯಲ್ಲಿ ಪಿಎಂಎಂಎ ಪದರ: ಎರಡಾಗಿ ಒಡೆದ ಶಿಖರವನ್ನು ಪ್ರಬಲ ಜೋಡಣೆ ಎನ್ನಬಹುದೇ?

ಬಾಣೇರ್ ನಿವಾಸಿ (ಪುಣೆ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವಳು; ಸದ್ಯ ಪುಣೆಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ಒಂದು ಅವಕೆಂಪು ಕ್ಯಾವಿಟಿಯನ್ನು, ಅಂದರೆ ಎರಡು ಕನ್ನಡಿಗಳ ನಡುವೆ ಬೆಳಕನ್ನು ಹಿಡಿದಿಡುವ ರಚನೆಯನ್ನು, ತಯಾರಿಸಿದ್ದೇನೆ. ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆಯ ಮೇಲೆ ತೆಳುವಾದ ಚಿನ್ನದ ಲೇಪ, ಅದರ ಮೇಲೆ ಸ್ಪಿನ್ ಕೋಟಿಂಗ್ ಮಾಡಿದ ಸುಮಾರು 2 ಮೈಕ್ರೊಮೀಟರ್ ದಪ್ಪದ ಪಿಎಂಎಂಎ (ಅಕ್ರಿಲಿಕ್ ಪಾಲಿಮರ್) ಪದರ, ಅದರ ಮೇಲೆ ಇನ್ನೊಂದು ಚಿನ್ನದ ಲೇಪ; ಇಷ್ಟೇ ಅದರ ರಚನೆ. ಪಿಎಂಎಂಎಯಲ್ಲಿರುವ ಕಾರ್ಬೊನಿಲ್ ಬಂಧದ ಹಿಗ್ಗು-ಕುಗ್ಗಿನ ಕಂಪನವು 1730 ಸೆಂ.ಮೀ.⁻¹ (ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಅಲೆಗಳ ಸಂಖ್ಯೆ) ಹತ್ತಿರ ಅವಕೆಂಪು ಬೆಳಕನ್ನು ಹೀರುತ್ತದೆ. ಕನ್ನಡಿಗಳ ನಡುವಿನ ದೂರವನ್ನು ಕ್ಯಾವಿಟಿಯ ಮೊದಲ ಅನುರಣನವೂ ಅಲ್ಲಿಯೇ ಬೀಳುವಂತೆ ಆರಿಸಿಕೊಂಡಿದ್ದೇನೆ.

ಎಫ್‌ಟಿಐಆರ್‌ನಲ್ಲಿ (ಅವಕೆಂಪು ರೋಹಿತ ಅಳೆಯುವ ಯಂತ್ರ) ನೋಡಿದಾಗ 1730ರಲ್ಲಿ ಒಂದು ಶಿಖರ ಕಾಣುವ ಬದಲು 1664 ಮತ್ತು 1790ರ ಸುಮಾರಿಗೆ ಎರಡು ಶಿಖರಗಳು ಕಂಡವು. ಕ್ಯಾವಿಟಿಯ ಹೊರಗೆ ಪಿಎಂಎಂಎಯ ರೇಖೆಯ ಅಗಲ ಸುಮಾರು 25; ಹೀರದ ಪದರವಿಟ್ಟು ಅಳೆದ ಕ್ಯಾವಿಟಿಯ ಅಗಲ ಸುಮಾರು 70. ನಾನು ಇದನ್ನು ಕಂಪನಗಳ ಪ್ರಬಲ ಜೋಡಣೆ ಎಂದು ಬರೆದೆ. ನಮ್ಮ ಮಾರ್ಗದರ್ಶಕರು ಅದನ್ನು ಸುಲಭವಾಗಿ ಒಪ್ಪುತ್ತಿಲ್ಲ. ಅಗಲವಾದ ಫಿಲ್ಟರಿನ ಶಿಖರದ ನಟ್ಟನಡುವೆ ಪಾಲಿಮರ್ ಬೆಳಕನ್ನು ಹೀರಿ ಒಂದು ತಗ್ಗು ಕೊರೆದರೂ ಎರಡು ಶಿಖರ ಕಾಣುತ್ತವಲ್ಲ, ಇದು ಅದಕ್ಕಿಂತ ಹೇಗೆ ಬೇರೆ ಎಂಬುದನ್ನು ತೋರಿಸು ಎನ್ನುತ್ತಾರೆ.

ಇದರ ಜೊತೆಗೆ ಇನ್ನೆರಡು ಸಂದೇಹಗಳಿವೆ. ಇಂತಹ ಕ್ಯಾವಿಟಿಯೊಳಗೆ, ಹೊರಗಿನಿಂದ ಯಾವ ಬೆಳಕನ್ನೂ ಹಾಯಿಸದೆಯೇ, ರಾಸಾಯನಿಕ ಕ್ರಿಯೆಗಳ ವೇಗ ಬದಲಾಗುತ್ತದೆ ಎಂದು ಹಲವು ಪ್ರಬಂಧಗಳು ಹೇಳುತ್ತವೆ. ನನ್ನ ಎರಡು ಶಿಖರಗಳನ್ನು ನೋಡಿ ಅಂತಹ ಮಾತನ್ನು ಬರೆಯಬಹುದೇ? ಹಾಗೆಯೇ, ಚಲಿಸುವ ಕನ್ನಡಿಗಳನ್ನಿಟ್ಟು ನಡೆಸುವ ಆಪ್ಟೊಮೆಕ್ಯಾನಿಕ್ಸ್ ಪ್ರಯೋಗಗಳಲ್ಲಿಯೂ ಬೆಳಕು ಮತ್ತು ಕಂಪನಗಳ ಪ್ರಬಲ ಜೋಡಣೆಯ ಪ್ರಸ್ತಾಪವಿದೆ. ಅಲ್ಲಿಯ ಭೌತಶಾಸ್ತ್ರವೂ ಇಲ್ಲಿಯದೂ ಒಂದೇ ಆಗಿದ್ದರೆ ಪ್ರಸ್ತಾವನೆಯಲ್ಲಿ ಎರಡನ್ನೂ ಒಟ್ಟಿಗೆ ಬರೆಯಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ಉತ್ತರಿಸಬೇಕು.

ಕಲೀನಾ ಉಪನ್ಯಾಸಕ (ಮುಂಬಯಿ)

ನಿಮ್ಮ ಮಾರ್ಗದರ್ಶಕರ ಆಕ್ಷೇಪ ಸರಿಯಾದದ್ದೇ, ಆದರೆ ಅದಕ್ಕೆ ಉತ್ತರ ನಿಮ್ಮ ಬಳಿಯಲ್ಲಿರುವ ಉಪಕರಣದಿಂದಲೇ ಸಿಗುತ್ತದೆ.

ಮೊದಲು ಅಂಕಿಗಳನ್ನು ನೋಡೋಣ. ಎರಡು ಶಿಖರಗಳ ಅಂತರ 126 ಸೆಂ.ಮೀ.⁻¹. ಕ್ಯಾವಿಟಿಯ ಅಗಲ ಮತ್ತು ಅಣುವಿನ ರೇಖೆಯ ಅಗಲ ಇವುಗಳ ಸರಾಸರಿ ಸುಮಾರು 48. ಕ್ಯಾವಿಟಿಯಿಂದ ಬೆಳಕು ಸೋರಿಹೋಗುವುದಕ್ಕೂ ಅಣುವಿನ ಕಂಪನ ತಣಿಯುವುದಕ್ಕೂ ಮುನ್ನ ಶಕ್ತಿಯು ಬೆಳಕಿನಿಂದ ಕಂಪನಕ್ಕೆ, ಕಂಪನದಿಂದ ಬೆಳಕಿಗೆ ಒಮ್ಮೆಯಾದರೂ ಹೋಗಿಬರಬೇಕು ಎಂಬುದು ಪ್ರಬಲ ಜೋಡಣೆಯ ಷರತ್ತು. 126 ಸೆಂ.ಮೀ.⁻¹ ಎಂದರೆ 3.8 ಟೆರಾಹರ್ಟ್ಸ್, ಅಂದರೆ ಒಂದು ಹೋಗಿಬರುವಿಕೆಗೆ ಸುಮಾರು 265 ಫೆಮ್ಟೊಸೆಕೆಂಡು. ಅಂತರವು ಸರಾಸರಿ ಅಗಲಕ್ಕಿಂತ ದೊಡ್ಡದಾಗಿರುವುದಷ್ಟೇ ಅಲ್ಲ, ಎರಡೂ ಅಗಲಗಳಿಗಿಂತ ಬಿಡಿಬಿಡಿಯಾಗಿಯೂ ದೊಡ್ಡದಾಗಿದೆ. ಆದ್ದರಿಂದ ನಿಮ್ಮ ಮಾದರಿ ಷರತ್ತನ್ನು ದಾಟಿದೆ ಎಂದೇ ನನ್ನ ಅಭಿಪ್ರಾಯ. ಪಿಎಂಎಂಎಯ ಇದೇ ಕಂಪನದಲ್ಲಿ 2015ರಲ್ಲಿಯೇ ಸುಮಾರು ಇಷ್ಟೇ ಅಂತರವನ್ನು ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದವರು ಪ್ರಕಟಿಸಿದ್ದಾರೆ. ಅದೇ ವರ್ಷ ಸ್ಟ್ರಾಸ್‌ಬೂರ್ಗ್‌ನ ಥಾಮಸ್ ಎಬ್ಬೆಸೆನ್ ತಂಡ ಪಾಲಿವಿನೈಲ್ ಅಸಿಟೇಟ್‌ನಲ್ಲಿ ಇದನ್ನು ತೋರಿಸಿತು.

ಆದರೆ ಒಂದೇ ಕೋನದಲ್ಲಿ ತೆಗೆದ ಒಂದೇ ಪಾರಕ ರೋಹಿತವನ್ನು ಮುಂದಿಟ್ಟುಕೊಂಡು ಈ ವಾದವನ್ನು ಗೆಲ್ಲಲಾಗದು. ಮಾದರಿಯನ್ನು ಓರೆ ಮಾಡುತ್ತ ಹೋಗಿ. ಕೋನ ಹೆಚ್ಚಿದಂತೆ ಕ್ಯಾವಿಟಿಯ ಅನುರಣನ ಮೇಲಕ್ಕೆ ಸರಿಯುತ್ತದೆ; ವಕ್ರೀಭವನಾಂಕ 1.48 ಇರುವ ಪದರದಲ್ಲಿ 30 ಡಿಗ್ರಿಗೆ ಶೇಕಡಾ 6ರಷ್ಟು, ಅಂದರೆ 1730ರಿಂದ 1838ರ ಸಮೀಪಕ್ಕೆ. ಅಣುವಿನ ಕಂಪನ ಮಾತ್ರ ಕೋನವನ್ನು ಲೆಕ್ಕಿಸುವುದಿಲ್ಲ. ಪಾಲಿಮರ್ ಕೇವಲ ತಗ್ಗು ಕೊರೆಯುತ್ತಿದ್ದರೆ, ತಗ್ಗು 1730ರಲ್ಲೇ ನಿಂತು ಅಗಲವಾದ ಶಿಖರ ಅದರ ಮೇಲೆ ಹಾದುಹೋದಂತೆ ಕಾಣುತ್ತದೆ. ಜೋಡಣೆ ನಿಜವಾಗಿದ್ದರೆ ಎರಡು ಶಾಖೆಗಳು ಒಂದನ್ನೊಂದು ಸಮೀಪಿಸಿ, ಕೂಡದೆ, ಬಾಗಿ ದೂರ ಸರಿಯುತ್ತವೆ. ಅತಿ ಸಮೀಪದ ಅಂತರವೇ ರಾಬಿ ಅಂತರ. ಇದಕ್ಕಾಗಿ ಕ್ಯಾವಿಟಿಯನ್ನು ನೇರ ಕೋನದಲ್ಲಿ 1730ಕ್ಕಿಂತ ಸ್ವಲ್ಪ ಕೆಳಗೆ, ಅಂದರೆ 1680ರ ಆಸುಪಾಸು, ಇರುವಂತೆ ಪದರವನ್ನು ತುಸು ದಪ್ಪವಾಗಿ ಮಾಡಿಕೊಳ್ಳಿ. ಸಾಧಾರಣ ಎಫ್‌ಟಿಐಆರ್‌ನ ಕಿರಣ ಸಮಾಂತರವಾಗಿರದೆ ಶಂಕುವಿನಂತೆ ಬಂದು ಕೂಡುತ್ತದೆ ಎಂಬುದನ್ನೂ ಮರೆಯಬೇಡಿ. 10 ಡಿಗ್ರಿಯ ಹರವಿದ್ದರೆ ಅದರಿಂದಲೇ 12 ಸೆಂ.ಮೀ.⁻¹ನಷ್ಟು ಮಸುಕು ಬರುತ್ತದೆ.

ಎರಡನೆಯದಾಗಿ, ಪಾರಕ ರೋಹಿತದ ಜೊತೆಗೆ ಪ್ರತಿಫಲನವನ್ನೂ ಅಳೆಯಿರಿ. ಬಿದ್ದ ಬೆಳಕನ್ನು 1 ಎಂದು ಹಿಡಿದು ಅದರಿಂದ ಈ ಎರಡನ್ನೂ ಕಳೆದರೆ ಉಳಿಯುವುದು ಹೀರಿಕೆ. ದುರ್ಬಲ ಜೋಡಣೆಯಲ್ಲಿ ಪಾರಕ ರೋಹಿತ ಒಡೆದಂತೆ ಕಂಡರೂ ಹೀರಿಕೆಯ ರೋಹಿತದಲ್ಲಿ 1730ರಲ್ಲಿ ಒಂದೇ ಶಿಖರ ಉಳಿಯಬಹುದು. ಪ್ರಬಲ ಜೋಡಣೆಯಲ್ಲಿ ಹೀರಿಕೆಯೂ ಎರಡಾಗುತ್ತದೆ. ನಿಮ್ಮ ಮಾರ್ಗದರ್ಶಕರ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಮೂರನೆಯ ಪರೀಕ್ಷೆ ಸಾಂದ್ರತೆಯದು. ರಾಬಿ ಅಂತರವು ಅಣುಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ. ಒಂದೇ ಪರಮಾಣು ಒಂದೇ ಕ್ಯಾವಿಟಿಯ ಜೊತೆ ವರ್ತಿಸುವ ಬಗೆಯನ್ನು ಜೇನ್ಸ್ ಮತ್ತು ಕಮಿಂಗ್ಸ್ 1963ರಲ್ಲಿ ಬರೆದರು. ಅನೇಕ ಅಣುಗಳಿಗೆ ಅದನ್ನು ಟ್ಯಾವಿಸ್ ಮತ್ತು ಕಮಿಂಗ್ಸ್ 1968ರಲ್ಲಿ ವಿಸ್ತರಿಸಿದರು. ಕಾರ್ಬೊನಿಲ್‌ಗಳ ಸಾಂದ್ರತೆಯನ್ನು ಅರ್ಧಕ್ಕಿಳಿಸಿದರೆ 126 ಇದ್ದದ್ದು 63 ಆಗದೆ 89 ಆಗಬೇಕು. ಪಾಲಿಸ್ಟೈರೀನ್‌ನಲ್ಲಿ ಕಾರ್ಬೊನಿಲ್ ಇಲ್ಲ. ಅದನ್ನು ಬೆರೆಸಿ ನೋಡಬಹುದು.

ಈ ವರ್ಗಮೂಲದಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಯ ಬೇರೂ ಇದೆ. ಪಿಎಂಎಂಎಯ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 1.18 ಗ್ರಾಂ, ಒಂದು ಕಾರ್ಬೊನಿಲ್ ಇರುವ ಘಟಕದ ಅಣುತೂಕ 100. ಹಾಗಾಗಿ ಒಂದು ಘನ ಮೈಕ್ರೊಮೀಟರಿನಲ್ಲಿ ಸುಮಾರು 700 ಕೋಟಿ ಕಾರ್ಬೊನಿಲ್‌ಗಳಿವೆ. ಪದರದೊಳಗಿನ ತರಂಗಾಂತರ 3.9 ಮೈಕ್ರೊಮೀಟರ್, ಅದರ ಘನದಷ್ಟು ಜಾಗವನ್ನು ಬೆಳಕಿನ ಒಂದು ಮೋಡ್‌ನ (ಕ್ಯಾವಿಟಿಯೊಳಗೆ ನಿಲ್ಲುವ ಅಲೆಯ ಒಂದು ವಿನ್ಯಾಸದ) ಗಾತ್ರವೆಂದು ಒರಟಾಗಿ ಹಿಡಿದರೆ, ಅದರಲ್ಲಿ 40,000 ಕೋಟಿಗೂ ಹೆಚ್ಚು ಕಾರ್ಬೊನಿಲ್‌ಗಳು ಸೇರುತ್ತವೆ. ಅದರ ವರ್ಗಮೂಲ ಆರೂವರೆ ಲಕ್ಷ. 126ನ್ನು ಅದರಿಂದ ಭಾಗಿಸಿದರೆ ಒಂದೊಂದು ಅಣುವಿನ ಪಾಲಿಗೆ ಬರುವ ಅಂತರ 0.0002 ಸೆಂ.ಮೀ.⁻¹. ಕೋಣೆಯ ಉಷ್ಣಾಂಶದ ಉಷ್ಣಶಕ್ತಿಯೇ ಸುಮಾರು 208 ಸೆಂ.ಮೀ.⁻¹ ಇರುವಾಗ ಈ ಪಾಲು ಲೆಕ್ಕಕ್ಕೆ ಬರುವಂಥದ್ದಲ್ಲ. ತೇರು ಎಳೆಯುವವರೆಲ್ಲರೂ ಸೇರಿ ಹಗ್ಗ ಬಿಗಿಯಾದರೂ ಒಬ್ಬೊಬ್ಬರ ಕೈಗೆ ತಗಲುವ ಬಿಗಿ ಅಲ್ಪವಾಗಿರುತ್ತದೆಯಲ್ಲ, ಹಾಗೆ. ನಿಮ್ಮ ರೋಹಿತದಲ್ಲಿ ಕಾಣುತ್ತಿರುವುದು ಸಮೂಹದ ಬಿಗಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ವಿದ್ಯಾರ್ಥಿಗಳ ವರದಿಗಳಲ್ಲಿ ಇದು ಮತ್ತೆ ಮತ್ತೆ ತಪ್ಪಾಗಿ ಬರುತ್ತದೆ. ಎರಡು ಶಿಖರಗಳು ಕ್ವಾಂಟಂ ಸ್ವಭಾವಕ್ಕೆ ಸಾಕ್ಷಿಯಲ್ಲ. ಪದರವನ್ನು ಲಾರೆಂಟ್ಸ್ ಆಂದೋಲಕಗಳ (ಸ್ಪ್ರಿಂಗಿಗೆ ಕಟ್ಟಿದಂತಹ ವಿದ್ಯುದಾವೇಶಗಳ) ಮಾಧ್ಯಮವೆಂದು ಭಾವಿಸಿ, ಚಿನ್ನದ ಕನ್ನಡಿಗಳ ನಡುವೆ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸಿದರೆ ಈ ಒಡೆತ ಪೂರ್ತಿಯಾಗಿ ಸಿಗುತ್ತದೆ. ಇದನ್ನು ಪರಮಾಣುಗಳ ಪ್ರಯೋಗವೊಂದರಲ್ಲಿ 1990ರಷ್ಟು ಹಿಂದೆಯೇ ತೋರಿಸಲಾಗಿದೆ. ವರದಿಯಲ್ಲಿ ಈ ಶಾಸ್ತ್ರೀಯ ಲೆಕ್ಕವನ್ನೂ ಅಳತೆಯ ಪಕ್ಕದಲ್ಲಿ ಇಡಿ. ಅದರಿಂದ ನಿಮ್ಮ ವಾದಕ್ಕೆ ಬಲ ಬರುತ್ತದೆಯೇ ಹೊರತು ಕುಂದು ಬರುವುದಿಲ್ಲ.

ಮಾಂಡವಿ ತೀರ (ಗೋವಾ)

ನಾನು ರಸಾಯನಶಾಸ್ತ್ರದ ಕಡೆಯವನು. ತಾಳಿಗಾಂವ್‌ನಲ್ಲಿ ಪಾಠ ಮಾಡುತ್ತೇನೆ. ಎರಡನೆಯ ಪ್ರಶ್ನೆಗೆ ಸೀಮಿತವಾಗಿ ಬರೆಯುತ್ತೇನೆ.

ಕ್ಯಾವಿಟಿ ರಸಾಯನಶಾಸ್ತ್ರದ ಚರ್ಚೆ ಮೊದಲಾದದ್ದು ಎಲೆಕ್ಟ್ರಾನ್ ಮಟ್ಟಗಳ ಜೋಡಣೆಯಿಂದ. ಸ್ಪೈರೊಪೈರಾನ್ ಎಂಬ ಬಣ್ಣ ಬದಲಿಸುವ ಅಣುವು ಬೆಳಕಿನಿಂದ ರೂಪಾಂತರವಾಗುವ ವೇಗ ಕ್ಯಾವಿಟಿಯೊಳಗೆ ಬದಲಾಯಿತು ಎಂದು ಎಬ್ಬೆಸೆನ್ ಅವರ ತಂಡ 2012ರಲ್ಲಿ ಬರೆಯಿತು. ಅದರಲ್ಲಿ ಬೆಳಕು ಪಾತ್ರಧಾರಿಯೇ ಆಗಿದ್ದುದರಿಂದ ಹೆಚ್ಚಿನವರಿಗೆ ಆಶ್ಚರ್ಯವಾಗಲಿಲ್ಲ. 2016ರಲ್ಲಿ ಅದೇ ತಂಡ ಮುಂದಿಟ್ಟ ಫಲಿತಾಂಶ ಬೇರೆ ಬಗೆಯದು. ಸಿಲಿಕಾನ್–ಇಂಗಾಲ ಬಂಧವೊಂದನ್ನು ಫ್ಲೋರೈಡ್ ಅಯಾನು ಕತ್ತರಿಸುವ ಸಾಧಾರಣ ಕ್ರಿಯೆಯನ್ನು ಕತ್ತಲೆಯ ಕ್ಯಾವಿಟಿಯೊಳಗೆ ನಡೆಸಿ, ಕ್ಯಾವಿಟಿಯ ಅನುರಣನವನ್ನು 860 ಸೆಂ.ಮೀ.⁻¹ನ ಕಂಪನಕ್ಕೆ ಹೊಂದಿಸಿದಾಗ ವೇಗವು ಐದೂವರೆ ಪಟ್ಟಿನವರೆಗೆ ಕುಗ್ಗಿತು ಎಂದು ಅವರು ವರದಿ ಮಾಡಿದರು. 2019ರಲ್ಲಿ ಸಿಲಿಕಾನ್–ಇಂಗಾಲ ಮತ್ತು ಸಿಲಿಕಾನ್–ಆಮ್ಲಜನಕ ಎರಡೂ ಬಂಧಗಳಿರುವ ಅಣುವಿನಲ್ಲಿ ಯಾವುದು ಹೆಚ್ಚು ಮುರಿಯುತ್ತದೆ ಎಂಬ ಪ್ರಮಾಣವೇ ಬದಲಾಯಿತು ಎಂದರು.

ಈ ಐದೂವರೆ ಪಟ್ಟನ್ನು ಶಕ್ತಿಗೆ ಪರಿವರ್ತಿಸಿ ನೋಡಿ. ವೇಗದ ಬದಲಾವಣೆಯೆಲ್ಲವೂ ಕ್ರಿಯೆ ದಾಟಬೇಕಾದ ಶಕ್ತಿಯ ತಡೆಗೋಡೆಯ ಎತ್ತರದಿಂದಲೇ ಬಂದಿದ್ದರೆ, ಗೋಡೆ ಮೋಲಿಗೆ 4.2 ಕಿಲೊಜೂಲ್, ಅಂದರೆ ಸುಮಾರು 350 ಸೆಂ.ಮೀ.⁻¹ ಏರಿರಬೇಕು. ಆದರೆ ಅಲ್ಲಿಯ ರಾಬಿ ಅಂತರವೇ ನೂರರ ಆಸುಪಾಸು. ಅಂದರೆ ಪೋಲಾರಿಟಾನ್ (ಬೆಳಕು ಮತ್ತು ಕಂಪನ ಬೆರೆತ ಸ್ಥಿತಿ) ಮಟ್ಟ ಮೂಲ ಸ್ಥಾನದಿಂದ ಸರಿದದ್ದು ಕೇವಲ ಐವತ್ತರಷ್ಟು. ಮಟ್ಟಗಳು ಮೇಲೆ ಕೆಳಗೆ ಸರಿದವು, ಆದ್ದರಿಂದ ಗೋಡೆ ಬದಲಾಯಿತು ಎಂಬ ಸರಳ ವಿವರಣೆ ಇಲ್ಲಿ ನಿಲ್ಲುವುದಿಲ್ಲ. 2020ರ ಸುಮಾರಿಗೆ, ತಡೆಗೋಡೆಯನ್ನು ದಾಟುವ ವೇಗವನ್ನು ಲೆಕ್ಕ ಹಾಕುವ ಸಂಕ್ರಮಣ ಸ್ಥಿತಿಯ ಸಿದ್ಧಾಂತವನ್ನೇ ಕ್ಯಾವಿಟಿಗೆ ಅನ್ವಯಿಸಿ ಲೆಕ್ಕ ಹಾಕಿದ ಒಂದಕ್ಕಿಂತ ಹೆಚ್ಚು ತಂಡಗಳಿಗೆ, ಕಲೀನಾದವರು ತೋರಿಸಿದ ಆ ಸಣ್ಣ ಪಾಲಿನಿಂದ ವೇಗ ಬಹುತೇಕ ಬದಲಾಗಬಾರದು ಎಂಬ ಉತ್ತರವೇ ದೊರೆಯಿತು. ಅನುರಣನ ಹೊಂದಿದಾಗ ಮಾತ್ರ ಪರಿಣಾಮ ಕಾಣುವುದನ್ನೂ ಆ ಸಿದ್ಧಾಂತ ವಿವರಿಸಲಿಲ್ಲ.

ಪ್ರಯೋಗದ ಕಡೆಯೂ ಒಮ್ಮತವಿಲ್ಲ. 2021ರಲ್ಲಿ ಎರಡು ತಂಡಗಳು, ಒಂದು ಸಯನೇಟ್ ಅಯಾನಿನ ಜಲವಿಚ್ಛೇದನೆಯಲ್ಲಿ, ಇನ್ನೊಂದು ಪ್ಯಾರಾ-ನೈಟ್ರೊಫಿನೈಲ್ ಅಸಿಟೇಟ್‌ನ ವಿಭಜನೆಯಲ್ಲಿ, ಹಿಂದೆ ವರದಿಯಾಗಿದ್ದ ವೇಗವರ್ಧನೆಯನ್ನು ಮರಳಿ ಕಾಣಲಾಗಲಿಲ್ಲ ಎಂದು ಪ್ರಕಟಿಸಿದವು. ಹಾಗೆಂದು ವಿಷಯ ಅಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ನೌಕಾ ಪ್ರಯೋಗಾಲಯದವರು ಫಿನೈಲ್ ಐಸೊಸಯನೇಟ್ ಮತ್ತು ಸೈಕ್ಲೊಹೆಕ್ಸನಾಲ್ ಸೇರಿ ಯುರೆಥೇನ್ ಆಗುವ ಕ್ರಿಯೆ ಕ್ಯಾವಿಟಿಯಲ್ಲಿ ನಿಧಾನವಾಗುವುದನ್ನು ಅವಕೆಂಪು ರೋಹಿತದಿಂದಲೇ ಅಳೆದು ತೋರಿಸಿದರು. ನನ್ನ ಮಟ್ಟಿಗೆ ಅದು ಈ ಸಾಲಿನಲ್ಲಿ ಹೆಚ್ಚು ಎಚ್ಚರದಿಂದ ಮಾಡಿದ ಕೆಲಸ.

ರಸಾಯನಶಾಸ್ತ್ರಜ್ಞನಾಗಿ ನನ್ನ ಸಂಶಯಗಳೆಲ್ಲ ನೆಲಮಟ್ಟದವು. ಕೆಲವೇ ಮೈಕ್ರೊಮೀಟರ್ ಅಂತರದ ಎರಡು ಬಿಲ್ಲೆಗಳ ನಡುವೆ ದ್ರವವಿಟ್ಟಾಗ ಅಂಚಿನಿಂದ ದ್ರಾವಕ ಆವಿಯಾಗಿ ಸಾಂದ್ರತೆ ಏರುತ್ತದೆ. ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಬಹಳ ದೊಡ್ಡದು, ಹೀಗಾಗಿ ಚಿನ್ನದ ಮೇಲಿನ ರಕ್ಷಕ ಪದರದಲ್ಲಿ ಒಂದು ಸಣ್ಣ ಬಿರುಕಿದ್ದರೂ ಲೋಹವೇ ಕ್ರಿಯೆಯಲ್ಲಿ ಭಾಗವಹಿಸಬಹುದು. ಕ್ಯಾವಿಟಿಯ ಮೂಲಕ ಬಣ್ಣದ ತೀವ್ರತೆಯನ್ನು ಅಳೆಯುವಾಗ ವ್ಯತಿಕರಣದ ಪಟ್ಟೆಗಳು ಅಳತೆಯನ್ನೇ ತಿರುಚುತ್ತವೆ. ಈ ಕಾರಣಕ್ಕೆ, ಚಿನ್ನವಿಲ್ಲದ ಕೋಶದೊಡನೆ ಹೋಲಿಸುವುದರ ಜೊತೆಗೆ, ಅದೇ ಚಿನ್ನ, ಅದೇ ಪದರ ಇರುವ, ಆದರೆ ಅನುರಣನ ತಪ್ಪಿಸಿದ ಕ್ಯಾವಿಟಿಯೊಡನೆಯೂ ಹೋಲಿಸದ ಫಲಿತಾಂಶವನ್ನು ನಾನು ಪರಿಗಣಿಸುವುದಿಲ್ಲ. ನಿಮ್ಮ ಪಾಲಿಮರ್ ಪದರದಲ್ಲಿ ಯಾವ ಕ್ರಿಯೆಯೂ ನಡೆಯುತ್ತಿಲ್ಲ. ಅದರಿಂದ ಕ್ರಿಯೆಗಳ ಬಗ್ಗೆ ಒಂದು ವಾಕ್ಯವನ್ನೂ ಬರೆಯಲು ಬರುವುದಿಲ್ಲ.

ಬಾಣೇರ್ ನಿವಾಸಿ (ಪುಣೆ)

ಇಬ್ಬರಿಗೂ ಧನ್ಯವಾದಗಳು ಸರ್. ಕೋನ ಬದಲಿಸುವ ಹಿಡಿಕೆ ನಮ್ಮಲ್ಲಿದೆ, ಪ್ರತಿಫಲನದ ಜೋಡಣೆಗೆ ಕೇಳಿಕೊಳ್ಳಬೇಕು. ಒಂದು ಅನುಮಾನ ಉಳಿದಿದೆ. ಸಮೂಹದ ಎರಡು ಪೋಲಾರಿಟಾನ್‌ಗಳು ಬಿಟ್ಟರೆ ಉಳಿದ ಅಣುಗಳ ಮಟ್ಟಗಳೆಲ್ಲ 1730ರಲ್ಲೇ ಉಳಿಯುತ್ತವೆ ಎಂದಾದರೆ, ಹಸಿರು ಲೇಸರ್ ಹಾಯಿಸಿ ರಾಮನ್ ರೋಹಿತದಲ್ಲಿ (ಕಂಪನದಿಂದ ಆವೃತ್ತಿ ಬದಲಾಗಿ ಚದರಿದ ಬೆಳಕಿನ ರೋಹಿತ) ಅವನ್ನು ನೋಡಬಹುದಲ್ಲವೇ? ರಾಮನ್‌ನಲ್ಲಿ 1664 ಮತ್ತು 1790 ಕಾಣಬೇಕೋ, 1730 ಕಾಣಬೇಕೋ?

ಔಂಧ್ ರಸ್ತೆ (ಪುಣೆ)

ರಾಮನ್‌ನ ಪ್ರಶ್ನೆಯನ್ನೂ ಆಪ್ಟೊಮೆಕ್ಯಾನಿಕ್ಸ್‌ನ ಪ್ರಶ್ನೆಯನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅವೆರಡೂ ಒಳಗೆ ಒಂದೇ ಪ್ರಶ್ನೆ.

ಬೆಳಕು ಕಂಪನವನ್ನು ಮುಟ್ಟಲು ಎರಡು ದಾರಿಗಳಿವೆ. ಮೊದಲನೆಯದು ನಿಮ್ಮ ಪ್ರಯೋಗದ್ದು. ಬಂಧ ಹಿಗ್ಗಿ ಕುಗ್ಗಿದಾಗ ಅಣುವಿನ ದ್ವಿಧ್ರುವ ಬದಲಾಗುತ್ತದೆ. ಬೆಳಕಿನ ಆವೃತ್ತಿ ಕಂಪನದ ಆವೃತ್ತಿಗೆ ಸಮನಾಗಿದ್ದರೆ ಒಂದು ಫೋಟಾನ್ ಅಳಿದು ಕಂಪನದ ಒಂದು ಕ್ವಾಂಟಂ ಹುಟ್ಟುತ್ತದೆ. ಇದಕ್ಕೆ ಲೇಸರ್ ಬೇಡ, ಕ್ಯಾವಿಟಿ ಕತ್ತಲಾಗಿದ್ದರೂ ಜೋಡಣೆ ಇದ್ದೇ ಇರುತ್ತದೆ, ಮತ್ತು ಅದರ ಬಲವನ್ನು ಅಣುಗಳ ಸಂಖ್ಯೆಯೇ ನಿರ್ಧರಿಸುತ್ತದೆ.

ಎರಡನೆಯ ದಾರಿಯಲ್ಲಿ ಆವೃತ್ತಿಗಳು ಸಮನಾಗಿರುವುದೇ ಇಲ್ಲ. ಕ್ಯಾವಿಟಿಯ ಒಂದು ಕನ್ನಡಿ ಸ್ಪ್ರಿಂಗಿನ ಮೇಲೆ ನಿಂತಿದೆ ಎನ್ನಿ. ಬೆಳಕು ಅದನ್ನು ಒತ್ತುತ್ತದೆ. ಈ ಒತ್ತಡವನ್ನು ಪ್ರಯೋಗದಲ್ಲಿ ತೋರಿಸಿದ್ದು 1901ರಷ್ಟು ಹಿಂದೆ, ಮಾಸ್ಕೋದ ಲೆಬೆದೆವ್. ಕನ್ನಡಿ ಸರಿದಾಗ ಕ್ಯಾವಿಟಿಯ ಅನುರಣನ ಸರಿಯುತ್ತದೆ, ಅದರಿಂದ ಒಳಗಿನ ಬೆಳಕು ಬದಲಾಗುತ್ತದೆ, ಅದರಿಂದ ಒತ್ತಡ ಬದಲಾಗುತ್ತದೆ. ಬೆಳಕಿನ ಆವೃತ್ತಿ ನೂರಾರು ಟೆರಾಹರ್ಟ್ಸ್, ಕನ್ನಡಿಯದು ಮೆಗಾಹರ್ಟ್ಸ್ ಅಥವಾ ಅದಕ್ಕೂ ಕಡಿಮೆ. ಈ ಅಂತರವನ್ನು ತುಂಬಲು ಲೇಸರ್ ಬೇಕೇಬೇಕು, ಮತ್ತು ಜೋಡಣೆಯ ಬಲ ಕ್ಯಾವಿಟಿಯೊಳಗಿನ ಫೋಟಾನ್‌ಗಳ ಸಂಖ್ಯೆಯ ವರ್ಗಮೂಲದಂತೆ ಏರುತ್ತದೆ. ವಿಯೆನ್ನಾದ ತಂಡ 2009ರಲ್ಲಿ, ಮೆಗಾಹರ್ಟ್ಸ್‌ಗೆ ಸಮೀಪದಲ್ಲಿ ಕಂಪಿಸುವ ಸೂಕ್ಷ್ಮ ಕನ್ನಡಿಯಲ್ಲಿ, ಇಂತಹ ಒಡೆತವನ್ನು ಕಂಡಿತು. ಲೇಸರ್ ಆರಿಸಿದರೆ ಅವರ ಎರಡು ಶಿಖರಗಳು ಮಾಯವಾಗುತ್ತವೆ. ನಿಮ್ಮವು ಹಾಗೆ ಮಾಯವಾಗುವಂಥವಲ್ಲ. ಪ್ರಸ್ತಾವನೆಯಲ್ಲಿ ಎರಡನ್ನೂ ಬರೆಯುವುದಾದರೆ ಈ ವ್ಯತ್ಯಾಸವನ್ನು ಮೊದಲ ಪ್ಯಾರಾದಲ್ಲಿಯೇ ಹೇಳಿಬಿಡಿ.

ಇನ್ನೊಂದು ವ್ಯತ್ಯಾಸ ಉಷ್ಣಾಂಶದ್ದು. ಕೋಣೆಯ ಉಷ್ಣಾಂಶದಲ್ಲಿ ಒಂದು ಮೆಗಾಹರ್ಟ್ಸ್ ಆಂದೋಲಕದಲ್ಲಿ 60 ಲಕ್ಷಕ್ಕೂ ಹೆಚ್ಚು ಉಷ್ಣ ಕ್ವಾಂಟಂಗಳು ತುಂಬಿಕೊಂಡಿರುತ್ತವೆ. ಅದನ್ನು ಮೂಲಸ್ಥಿತಿಗೆ ತರುವುದಕ್ಕೆ ಆ ಕ್ಷೇತ್ರದವರು ವರ್ಷಗಟ್ಟಲೆ ದುಡಿದರು. 2011ರಲ್ಲಿ ಒಂದು ತಂಡ 3.7 ಗಿಗಾಹರ್ಟ್ಸ್‌ನ ಸಿಲಿಕಾನ್ ತೊಲೆಯನ್ನು ಲೇಸರಿನಿಂದ ತಣಿಸಿ ಸರಾಸರಿ 0.85 ಕ್ವಾಂಟಂಗೆ ಇಳಿಸಿತು. ಅದೇ ವರ್ಷ ಇನ್ನೊಂದು ತಂಡ ಅಲ್ಯೂಮಿನಿಯಂ ಡೋಲೊಂದನ್ನು ಮೈಕ್ರೊವೇವ್ ಮೂಲಕ 0.34ಕ್ಕೆ ತಂದಿತು. ನಿಮ್ಮ ಕಾರ್ಬೊನಿಲ್‌ನ ವಿಷಯದಲ್ಲಿ ಈ ಶ್ರಮವೇ ಇಲ್ಲ. 1730 ಸೆಂ.ಮೀ.⁻¹ ಉಷ್ಣಶಕ್ತಿಯ ಎಂಟು ಪಟ್ಟಿಗಿಂತ ಹೆಚ್ಚು, ಹಾಗಾಗಿ ಪುಣೆಯ ಏಪ್ರಿಲ್ ಬಿಸಿಲಿನಲ್ಲಿಯೂ ಹತ್ತು ಸಾವಿರಕ್ಕೆ ಎರಡು ಮೂರು ಅಣುಗಳು ಮಾತ್ರ ಉದ್ರೇಕಗೊಂಡಿರುತ್ತವೆ; ಉಳಿದವೆಲ್ಲ ಮೂಲಸ್ಥಿತಿಯಲ್ಲಿಯೇ ಇವೆ.

ಈಗ ರಾಮನ್‌ಗೆ ಬರೋಣ. ಅಣುವಿನ ಕಂಪನದಿಂದ ಅದರ ಧ್ರುವೀಕರಣಶೀಲತೆ (ಬೆಳಕಿನ ಕ್ಷೇತ್ರಕ್ಕೆ ಅದರ ಎಲೆಕ್ಟ್ರಾನ್‌ಗಳು ಎಷ್ಟು ಸರಿಯುತ್ತವೆ ಎಂಬುದು) ಬದಲಾಗುತ್ತದೆ, ಅದರಿಂದ ಅದು ಕುಳಿತಿರುವ ಕ್ಯಾವಿಟಿಯ ಅನುರಣನ ತುಸು ಸರಿಯುತ್ತದೆ. ಚಲಿಸುವ ಕನ್ನಡಿ ಮಾಡುವುದೂ ಇದನ್ನೇ ಅಲ್ಲವೇ? ಲೋಹದ ನ್ಯಾನೊ ರಚನೆಗಳ ನಡುವಿನ ರಾಮನ್ ಚದರಿಕೆಯನ್ನು ಆಪ್ಟೊಮೆಕ್ಯಾನಿಕ್ಸ್ ಆಗಿಯೇ ಓದಬಹುದು ಎಂದು ಲೊಸಾನ್‌ನ ತಂಡ 2016ರಲ್ಲಿ ಲೆಕ್ಕಸಮೇತ ತೋರಿಸಿತು. ಅದೇ ವರ್ಷ ಕೇಂಬ್ರಿಜ್‌ನಲ್ಲಿ, ಚಿನ್ನದ ಮೇಲ್ಮೈಯಿಂದ ಹೊರಚಾಚಿದ ಒಂದೇ ಪರಮಾಣುವಿನ ಸುತ್ತ ಬೆಳಕನ್ನು ಹಿಡಿದಿಟ್ಟು, ಒಂಟಿ ಅಣುವಿನೊಡನೆ ಇಂತಹ ಜೋಡಣೆಯನ್ನು ಅಳೆದರು. ನಿಮ್ಮಲ್ಲಿ ಮೋಡ್‌ನ ಗಾತ್ರ ಸುಮಾರು 60 ಘನ ಮೈಕ್ರೊಮೀಟರ್. ಕೇಂಬ್ರಿಜ್‌ನವರು ಅದೇ ಸುಮಾರಿಗೆ ಮೆಥಿಲೀನ್ ಬ್ಲೂ ಅಣುವಿನ ಎಲೆಕ್ಟ್ರಾನ್ ಮಟ್ಟದ ಪ್ರಬಲ ಜೋಡಣೆಯನ್ನು ತೋರಿಸಿದ ಚಿನ್ನದ ಸಂದಿಯಲ್ಲಿ ಆ ಗಾತ್ರ 40 ಘನ ನ್ಯಾನೊಮೀಟರಿಗೂ ಕಡಿಮೆ. ಒಂದೇ ಅಣುವಿನಿಂದ 90 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಅಂತರ ಸಿಕ್ಕಿತೆಂದರೆ ಅದು ಗಾತ್ರವನ್ನು ಕುಗ್ಗಿಸಿದ್ದರಿಂದ. ಬೆಲೆಯೂ ಇದೆ: ಲೋಹದ ಸಂದಿಯಲ್ಲಿ ಬೆಳಕು ಕೆಲವೇ ಫೆಮ್ಟೊಸೆಕೆಂಡುಗಳಲ್ಲಿ ಅಳಿಯುತ್ತದೆ.

ನಿಮ್ಮ ಚಿನ್ನದ ಕ್ಯಾವಿಟಿಯಲ್ಲಿ ರಾಮನ್ ನೋಡಿದರೆ ಏನು ಕಾಣಬೇಕು? ಹಸಿರು ಫೋಟಾನ್ ಅಣುಗಳಿಂದ ಬಿಡಿಬಿಡಿಯಾಗಿ ಚದರುತ್ತದೆ. ಒಟ್ಟು ಮಟ್ಟಗಳಲ್ಲಿ ಪೋಲಾರಿಟಾನ್‌ಗಳು ಎರಡೇ, 1730ರಲ್ಲೇ ಉಳಿದ ಕತ್ತಲೆಯ ಮಟ್ಟಗಳು ಅಣುಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ ಕೋಟ್ಯಂತರ. ಹಾಗಾಗಿ 1730ರ ಶಿಖರವೇ ಕಾಣಬೇಕು. 2015ರಲ್ಲಿ ರಾಮನ್ ತೀವ್ರತೆ ನೂರಾರು ಪಟ್ಟು ಹೆಚ್ಚಿತೆಂಬ ವರದಿ ಬಂದಿತ್ತು. 2021ರಲ್ಲಿ ಎಚ್ಚರದಿಂದ ಮರುಪರಿಶೀಲಿಸಿದವರಿಗೆ ರಾಮನ್‌ನಲ್ಲಿ ಪೋಲಾರಿಟಾನ್‌ಗಳ ಗುರುತು ಸಿಗಲಿಲ್ಲ. ಕಾರ್ಬೊನಿಲ್ ಅವಕೆಂಪಿನಲ್ಲಿಯೂ ರಾಮನ್‌ನಲ್ಲಿಯೂ ಕಾಣುವ ಕಂಪನವಾದ್ದರಿಂದ ಈ ಪರೀಕ್ಷೆ ನಿಮ್ಮ ಮಾದರಿಯಲ್ಲಿ ಸಾಧ್ಯ. ಇಂಗಾಲದ ಡೈಆಕ್ಸೈಡ್‌ನಂತಹ ಸಮ್ಮಿತಿಯ ಅಣುವಾಗಿದ್ದರೆ ಒಂದರಲ್ಲಿ ಕಾಣುವ ಕಂಪನ ಇನ್ನೊಂದರಲ್ಲಿ ಕಾಣುತ್ತಲೇ ಇರಲಿಲ್ಲ. ಏನೂ ಬದಲಾಗದ ರಾಮನ್ ರೋಹಿತವನ್ನು ಒಡೆದ ಅವಕೆಂಪು ರೋಹಿತದ ಪಕ್ಕದಲ್ಲಿಟ್ಟರೆ ಅದು ನಿಮ್ಮ ವರದಿಯ ಅತ್ಯುತ್ತಮ ಚಿತ್ರವಾದೀತು.

ಎರಡೂ ದಾರಿಗಳು ಒಂದೇ ಅಣುವಿನಲ್ಲಿ ಕೂಡಿದ ಪ್ರಯೋಗವೂ ಇದೆ. 2021ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ, ಅವಕೆಂಪು ಬೆಳಕಿನಿಂದ ಅಣುವಿನ ಕಂಪನವನ್ನು ಎಬ್ಬಿಸಿ, ಅದೇ ಕಂಪನದಿಂದ ಗೋಚರ ಬೆಳಕನ್ನು ಚದರಿಸಿ, ಅವಕೆಂಪು ಸಂಕೇತವನ್ನು ಗೋಚರ ಫೋಟಾನ್‌ಗಳಾಗಿ ಓದಿದವು. ಆ ಅಣುಗಳ ಜೋಡಣೆ ಪ್ರಬಲವಾಗಿರಲಿಲ್ಲ, ಆದರೆ ನಿಮ್ಮ ಪ್ರಸ್ತಾವನೆಯಲ್ಲಿ ಎರಡೂ ಕ್ಷೇತ್ರಗಳನ್ನು ತರಬೇಕೆಂದಿದ್ದರೆ ಅವುಗಳ ಕೊಂಡಿ ಅದೇ.

ಚೆಂಬೂರು (ಮುಂಬಯಿ)

ಎಫ್‌ಟಿಐಆರ್ ಯಂತ್ರದ ಮುಂದೆ ಕೂರುವವನಾಗಿ ಎರಡು ಮಾತು ಸೇರಿಸುತ್ತೇನೆ.

ಪಾಲಿಸ್ಟೈರೀನ್ ಮತ್ತು ಪಿಎಂಎಂಎ ಒಂದರಲ್ಲೊಂದು ಬೆರೆಯುವುದಿಲ್ಲ. ದ್ರಾವಣದಲ್ಲಿ ಕೂಡಿದಂತೆ ಕಂಡರೂ ಪದರ ಒಣಗುವಾಗ ಬೇರೆ ಬೇರೆ ದ್ವೀಪಗಳಾಗಿ ನಿಲ್ಲುತ್ತವೆ, ಪದರ ಮಸುಕಾಗುತ್ತದೆ. ಸಾಂದ್ರತೆಯ ಪರೀಕ್ಷೆಗೆ ಈಥೈಲ್ ಅಸಿಟೇಟ್‌ನ್ನು ಹೆಕ್ಸೇನ್‌ನಲ್ಲಿ ಬೆರೆಸಿ ದ್ರವ ಕೋಶದಲ್ಲಿ ನೋಡುವುದು ಮೇಲು. ಕಾರ್ಬೊನಿಲ್ 1740ರ ಹತ್ತಿರವೇ ಇದೆ, ಹೆಕ್ಸೇನ್ ಅಲ್ಲಿ ಹೀರುವುದಿಲ್ಲ, ಮತ್ತು ಎರಡರ ವಕ್ರೀಭವನಾಂಕವೂ ಸುಮಾರು 1.37 ಆದ್ದರಿಂದ ಪ್ರಮಾಣ ಬದಲಿಸಿದರೂ ಕ್ಯಾವಿಟಿ ಕದಲುವುದಿಲ್ಲ. 12 ಮೈಕ್ರೊಮೀಟರ್ ದಪ್ಪದ ಪಾಲಿಮರ್ ಹಾಳೆಯನ್ನು ನಡುವೆ ಕೊಟ್ಟರೆ ಅನುರಣನಗಳ ನಡುವಿನ ಅಂತರ ಸುಮಾರು 300 ಸೆಂ.ಮೀ.⁻¹ ಇರುತ್ತದೆ, ಅದರೊಳಗೆ ರಾಬಿ ಅಂತರ ಧಾರಾಳವಾಗಿ ಹಿಡಿಯುತ್ತದೆ. ಈಥೈಲ್ ಅಸಿಟೇಟ್ ಬೇಗ ಆವಿಯಾಗುತ್ತದೆ ಎಂಬ ಗೋವಾದವರ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ; ಅಂಚನ್ನು ಭದ್ರವಾಗಿ ಮುಚ್ಚಿ, ತುಂಬಿದ ಕೂಡಲೇ ಅಳೆಯಿರಿ.

ಮುಖ್ಯವಾದದ್ದು ಮಳೆಗಾಲ. ಗಾಳಿಯಲ್ಲಿರುವ ನೀರಾವಿ 1400ರಿಂದ 1900 ಸೆಂ.ಮೀ.⁻¹ವರೆಗೆ ನೂರಾರು ಚೂಪಾದ ರೇಖೆಗಳನ್ನು ಹೀರುತ್ತದೆ, ಮತ್ತು ನಿಮ್ಮ ಎರಡೂ ಶಿಖರಗಳು ಸರಿಯಾಗಿ ಅದರ ನಡುವೆ ಬಿದ್ದಿವೆ. ಮುಂಬಯಿಯಲ್ಲಿ ಜುಲೈ ತಿಂಗಳಲ್ಲಿ ಬ್ಯಾಕ್‌ಗ್ರೌಂಡ್ ತೆಗೆದು ಮಾದರಿ ಇಡುವಷ್ಟರಲ್ಲಿ ಒಳಗಿನ ತೇವ ಬದಲಾಗಿರುತ್ತದೆ. ಪುಣೆ ಸ್ವಲ್ಪ ವಾಸಿ, ಅಷ್ಟೇ. ಮಾದರಿಯ ಕೋಣೆಗೆ ಒಣ ನೈಟ್ರೋಜನ್ ಹರಿಸಿ, ಮುಚ್ಚಳ ಹಾಕಿದ ಮೇಲೆ ನೀರಾವಿಯ ರೇಖೆಗಳು ಕುಗ್ಗಿ ಸ್ಥಿರವಾಗುವವರೆಗೆ ಕಾಯಿರಿ, ಆಮೇಲೆ ಸ್ಕ್ಯಾನ್ ಮಾಡಿ. ಕಿಟಕಿಗೆ ಪೊಟ್ಯಾಸಿಯಂ ಬ್ರೋಮೈಡ್ ಬೇಡ, ಈ ಹವೆಯಲ್ಲಿ ಮಂಜಾಗುತ್ತದೆ. ನಿಮ್ಮ ಕ್ಯಾಲ್ಸಿಯಂ ಫ್ಲೋರೈಡ್ 1730ಕ್ಕೆ ಸರಿಯಾಗಿದೆ, ಆದರೆ ಮುಂದೆ ಯಾರಾದರೂ 860ರ ಸಿಲಿಕಾನ್ ಬಂಧಕ್ಕೆ ಕೈಹಾಕಿದರೆ ಅದು ಬೆಳಕನ್ನು ಬಿಡುವುದಿಲ್ಲ, ಝಿಂಕ್ ಸೆಲೆನೈಡ್ ಬೇಕಾಗುತ್ತದೆ. ರೆಸಲ್ಯೂಷನ್ 4 ಸಾಕು. ನಿಮ್ಮ ರೇಖೆಗಳ ಅಗಲ 25 ಮತ್ತು 70 ಇರುವಾಗ 0.5ಕ್ಕೆ ಇಳಿಸಿದರೆ ನೀರಾವಿಯ ರೇಖೆಗಳು ಇನ್ನಷ್ಟು ಚೂಪಾಗಿ ಎದ್ದು ನಿಲ್ಲುತ್ತವೆಯೇ ವಿನಾ ನಿಮಗೆ ಬೇಕಾದದ್ದೇನೂ ಹೆಚ್ಚಾಗಿ ಸಿಗುವುದಿಲ್ಲ.